ಏಪ್ರಿಲ್ 5ಕ್ಕೆ ಕಾರ್ಯಕ್ರಮ ಇಡುವುದಾ, ಕೈಬಿಡುವುದಾ? ಊರಿನವರು ಸ್ವಲ್ಪ ಹೇಳಿ

ವಾಚನಾಲಯದ ಕೀಲಿಕೈ
ಶನಿವಾರ, ರಾತ್ರಿ 9:12

ನಮಸ್ಕಾರ ಎಲ್ಲರಿಗೂ. ಮಂಗಳೂರಿನ ಕದ್ರಿ ಕಡೆ ನಮ್ಮದೊಂದು ಹಳೇ ವಾಚನಾಲಯ ಉಂಟು. ಕೆಳಗೆ ಪೇಪರ್ ಓದುವ ಮೇಜು, ಮೇಲೆ ಸಣ್ಣ ಹಾಲ್. ಆಗಾಗ ಊರಿನ ಇತಿಹಾಸದ ಬಗ್ಗೆ ಉಪನ್ಯಾಸ ಇಡ್ತೇವೆ. ಕುರ್ಚಿ ಹಾಕುವುದು, ತೆಗೆಯುವುದು ಎರಡೂ ನನ್ನದೇ ಕೆಲಸ. ಹಾಕಿದ್ದರಲ್ಲಿ ಅರ್ಧ ಯಾರೂ ಕೂರದೆ ವಾಪಸ್ ಒಳಗೆ ಹೋಗ್ತದೆ.

ಕಳೆದ ಸಲ ದಲಿತರಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಸ್ಮರಣೆ ಇಟ್ಟಿದ್ದೆವು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಹಾರ, ಶಾಲು, ಸ್ಮರಣಿಕೆ. ಆಮೇಲೆ ಮುಖ್ಯ ಅತಿಥಿಗಳು ತಮ್ಮ ಬಾಲ್ಯದಿಂದ ಶುರು ಮಾಡಿದರು. ಉಪನ್ಯಾಸ ಕೊಡಬೇಕಾದವರು ಪೇಪರಿನಲ್ಲಿ ಸುತ್ತಿದ ಒಂದು ಹಳೇ ಗ್ರೂಪ್ ಫೋಟೋ ತಂದಿದ್ದರು, ಪಾಪ, ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. ಅವರ ಸರದಿ ಬರುವ ಹೊತ್ತಿಗೆ ಹಿಂದಿನಿಂದ ಕರಿದ ಗೋಳಿಬಜೆಯ ಪರಿಮಳ ಬಂತು, ಜನ ಎದ್ದರು. ಕಟ್ಟು ಬಿಚ್ಚಲೇ ಇಲ್ಲ ಅವರು.

ಈಗ ಪ್ರಶ್ನೆ. 1837ರ ಏಪ್ರಿಲ್ 5ರಂದು ಅಮರ ಸುಳ್ಯದ ರೈತರು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದ್ದು. ಆ ದಿನಕ್ಕೆ ಏನಾದ್ರೂ ಮಾಡಬೇಕು ಅಂತ ಕಮಿಟಿಯಲ್ಲಿ ಕೆಲವರು. ಬಿಸಿಲು, ಮದುವೆ, ಭೂತದ ನೇಮ, ಐಪಿಎಲ್, ಯಾರೂ ಬರುವುದಿಲ್ಲ, ಸುಮ್ಮನೆ ಪೊಕ್ಕಡೆ ಖರ್ಚು ಅಂತ ಉಳಿದವರು. ನಿಮ್ಮಲ್ಲಿ ಇಂಥದ್ದು ನಡೆಸಿದವರು ಇದ್ದರೆ ಹೇಳಿ. ಬೈದರೂ ಅಡ್ಡಿಯಿಲ್ಲ.


ಪಡುಬಿದ್ರಿ ಪ್ಯಾಸೆಂಜರ್
9:20

ಗೋಳಿಬಜೆ ಮೊದಲೇ ಕೊಡಿ. ಮುಗೀತು.


ಹೊಯ್ಗೆಬಜಾರ್ ಹಂಚು
9:23

ಮೊದಲು ಕೊಟ್ಟರೆ ತಿಂದು ಚಟ್ನಿ ಒರೆಸಿ ಹೋಗ್ತಾರೆ ಮಾರಾಯ್ರೆ. ನಮ್ಮ ಕಡೆ ಅನುಭವ ಉಂಟು.


ಸುಳ್ಯದ ಅಳಿಯ
9:51

ಕೈಬಿಡಬೇಡಿ. ಬಾವುಟಗುಡ್ಡೆಯ ಮೇಲೆ ದಿನಾ ಸಂಜೆ ಗಾಳಿಗೆ ಕೂರುವವರಲ್ಲಿ ಎಷ್ಟು ಜನಕ್ಕೆ ಈ ಕಥೆ ಪೂರ್ತಿ ಗೊತ್ತುಂಟು? 2022ರಲ್ಲಿ ಅಲ್ಲಿ ಈ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಆಯ್ತು. ಜನ ಸೆಲ್ಫಿ ತೆಗೀತಾರೆ, ಯಾರು ಅಂತ ಕೇಳಿದರೆ ಪಕ್ಕದವರ ಮುಖ ನೋಡ್ತಾರೆ.

ಚುಟುಕಾಗಿ ಹೇಳ್ತೇನೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶ ಮಾಡಿಕೊಂಡಿತು. ಅಮರ ಸುಳ್ಯ, ಪುತ್ತೂರು ಸೀಮೆ ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿತ್ತು, ಅದನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ತೀರ್ವೆಯನ್ನು, ಅಂದ್ರೆ ಭೂಕಂದಾಯವನ್ನು, ಬೆಳೆಯಲ್ಲೇ ಕೊಡಬಹುದಿತ್ತು. ಹೊಸ ಸರಕಾರಕ್ಕೆ ನಗದೇ ಬೇಕು. ಘಟ್ಟದ ಬುಡದ ರೈತನಿಗೆ ನಗದು ಎಲ್ಲಿಂದ? ಭತ್ತವನ್ನು ಸಾಹುಕಾರ ಹೇಳಿದ ರೇಟಿಗೆ ಮಾರಿ ದುಡ್ಡು ಮಾಡಬೇಕು. ಉಪ್ಪು, ಹೊಗೆಸೊಪ್ಪು ಕೂಡ ಸರಕಾರದ ಹಿಡಿತದಲ್ಲಿ. ಹೊಟ್ಟೆಯ ಉರಿ ಅಲ್ಲಿಂದ ಶುರು.

ಕೊಡಗಿನ ಹಾಲೇರಿ ಮನೆತನದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ಮುಂದೆ ನಿಲ್ಲಿಸಿದರು. ಅರಸು ಮನೆತನದ ಹೆಸರಿದ್ದರೆ ಜನ ಸೇರ್ತಾರೆ ಅಂತ ಲೆಕ್ಕ. ಪೂಮಲೆಯಲ್ಲಿ ಸೇರಿ, ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ಬಂದರು. 13 ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಕಡಲ ದಾರಿಯಲ್ಲಿ ಕಂಪೆನಿ ಸೈನ್ಯ ಬಂತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಇವರನ್ನೆಲ್ಲ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಮುಂದೆ.

ದೇಶದ ಮೊದಲ ಸ್ವಾತಂತ್ರ್ಯ ಸಂಗ್ರಾಮ ಇದು. 1857ಕ್ಕೆ 20 ವರ್ಷ ಮೊದಲು. ಬ್ಯಾನರಿನಲ್ಲಿ ದೊಡ್ಡದಾಗಿ ಹಾಕಿ, ಜನ ಬರ್ತಾರೆ.


ದಿನಾಂಕದ ಮಾಸ್ತರ್
10:08

ಕಥೆ ಸರಿ ಉಂಟು, ಕೊನೆಯ ಸಾಲು ಮಾತ್ರ ಬೇಡ. ವೆಲ್ಲೂರಿನ ಸಿಪಾಯಿಗಳು ಎದ್ದದ್ದು 1806. ಒಡಿಶಾದ ಪೈಕರು 1817. ನಮ್ಮದೇ ರಾಜ್ಯದ ಕಿತ್ತೂರು 1824. ‘ಮೊದಲ’ ಅಂತ ಬ್ಯಾನರಿನಲ್ಲಿ ಹಾಕಿದರೆ ಹುಬ್ಬಳ್ಳಿ ಕಡೆಯವರು ಯಾರಾದ್ರೂ ಎದ್ದು ನಿಂತು ಕೇಳ್ತಾರೆ, ಉಪನ್ಯಾಸ ಅಲ್ಲಿಗೇ ಗೋವಿಂದ. 1857ಕ್ಕಿಂತ 20 ವರ್ಷ ಮೊದಲು ಅನ್ನಿ, ಸಾಕು. ಅದೇನು ಕಡಿಮೆಯಾ?


ಸುಳ್ಯದ ಅಳಿಯ
10:15

ಮಾಸ್ತ್ರೇ, ಕಿತ್ತೂರಿನದ್ದು ಸಂಸ್ಥಾನದ ಯುದ್ಧ, ದತ್ತು ಮಗನ ವಿಷಯ. ವೆಲ್ಲೂರಿನದ್ದು ಸಿಪಾಯಿಗಳದ್ದು. ಇಲ್ಲಿ ಎದ್ದದ್ದು ರೈತರು. ಎರಡೂ ಒಂದೇ ಅಂತ ಹೇಳಿದರೆ ಹೇಗೆ?


ದಿನಾಂಕದ ಮಾಸ್ತರ್
10:19

ಹಾಗಾದ್ರೆ ‘ರೈತರ ದಂಗೆ’ ಅಂತ ಹಾಕಿ. ಅದು ‘ಮೊದಲ’ಕ್ಕಿಂತ ಲಾಯ್ಕದ ಬ್ಯಾನರ್.


ಮಣ್ಣಗುಡ್ಡೆ ಮಂಡೆಬೆಚ್ಚ
10:31

ನನ್ನ ತಕರಾರು ಬೇರೆ. ಜಯಂತಿ ಅಂದ ಕೂಡಲೇ ಅದು ಒಂದು ಸಮುದಾಯದ ಸಂಘದ ಕಾರ್ಯಕ್ರಮ ಆಗಿಬಿಡ್ತದೆ. ಉಳಿದವರು ‘ಅವರದ್ದು’ ಅಂತ ದೂರ ನಿಲ್ತಾರೆ. 1837ರಲ್ಲಿ ಗೌಡರಿದ್ದರು, ಜೈನ ಬಂಗರಸರು ಇದ್ದರು, ಪುಟ್ಟಬಸಪ್ಪ ಶೈವ ಜಂಗಮ. ಅಷ್ಟು ಜನ ಒಟ್ಟಿಗೆ ನಡೆದು ಬಂದದ್ದನ್ನು ಈಗ ನಾವು ಪಾಲು ಮಾಡಿ ಹಂಚಿಕೊಳ್ತಾ ಇದ್ದೇವೆ. ವಾಚನಾಲಯ ಮಾಡುವುದಾದ್ರೆ ಆ ಉಪಕಾರ ಆದ್ರೂ ಉಂಟು, ಯಾರ ಜಾತಿಯದ್ದೂ ಅಲ್ಲ.


ಉಳ್ಳಾಲ ಕಡಲು
10:44

ಏಪ್ರಿಲ್ 5 ಬಿಡಿ, ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ ಇಡಿ. ನಮ್ಮಲ್ಲಿ ವರ್ಷ ವರ್ಷ ಉತ್ಸವ ಆಗ್ತದೆ, ಜನ ತುಂಬ್ತಾರೆ.


ಬಿಜೈ ಬಸ್‌ಸ್ಟ್ಯಾಂಡ್
10:47

ಉತ್ಸವಕ್ಕೆ ಜನ ಬರುವುದು ಡ್ಯಾನ್ಸಿಗೆ. ವಿಚಾರಗೋಷ್ಠಿಯ ಹೊತ್ತಿಗೆ ಎಷ್ಟು ಜನ ಇರ್ತಾರೆ ಅಂತ ಎಣಿಸಿ ಹೇಳಿ.


ಉಳ್ಳಾಲ ಕಡಲು
10:49

ಹೊಟ್ಟೆಕಿಚ್ಚು ಬೇಡ.


ಕುಡ್ಲದ ಕಾಲೇಜು ಹುಡುಗಿ
10:58

ಒಂದು ಪ್ರಶ್ನೆ. ಅಬ್ಬಕ್ಕ ಒಬ್ಬರಾ ಇಬ್ಬರಾ? ನಮ್ಮ ಕಾಲೇಜಿನಲ್ಲಿ ಒಬ್ಬರು ಬಂದು ಒಬ್ಬಳೇ ಅಂದರು, ಇನ್ನೊಬ್ಬರು ಇಬ್ಬರು ಅಂದರು.


ದಿನಾಂಕದ ಮಾಸ್ತರ್
11:14

ಒಬ್ಬಳೇ ಅಂದರೆ ವರ್ಷಗಳ ಲೆಕ್ಕ ಕೂಡುವುದಿಲ್ಲ. ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದದ್ದು 1550ರ, 60ರ ದಶಕದಲ್ಲಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ನೋಡಿದ್ದು 1623ರಲ್ಲಿ. ಅವನು ಬರೆಯುವ ಪ್ರಕಾರ ಅವಳಿಗೆ ಆಗ ಸುಮಾರು 40 ವಯಸ್ಸು. ಉಳ್ಳಾಲದ ಚೌಟ ಅರಸರದ್ದು ಅಳಿಯಕಟ್ಟು ಮನೆತನ, ಅಂದ್ರೆ ಹಕ್ಕು ಹೆಣ್ಣಿನ ಕಡೆಯಿಂದ, ಒಬ್ಬಳ ನಂತರ ಇನ್ನೊಬ್ಬಳು ಪಟ್ಟಕ್ಕೆ ಬಂದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ನಾವು ಎಲ್ಲವನ್ನೂ ಒಂದು ಕುದುರೆ, ಒಂದು ಕತ್ತಿ, ಒಂದು ಪ್ರತಿಮೆಯೊಳಗೆ ತುಂಬಿಸಿದ್ದೇವೆ.

ದೆಲ್ಲಾ ವಾಲ್ಲೆ ಕೊಡುವ ಚಿತ್ರ ಅಂತೂ ಯಾವ ಟ್ಯಾಬ್ಲೋದಲ್ಲೂ ಬರುವುದಿಲ್ಲ. ಅವನು ಮಣೇಲು ಎಂಬ ಊರಿಗೆ ಹೋಗಿದ್ದಾಗ ರಾಣಿ ಎದುರಿಗೆ ನಡೆದುಕೊಂಡು ಬರ್ತಾಳೆ. ಬರಿಗಾಲು, ಸೊಂಟಕ್ಕೆ ಒಂದು ಹತ್ತಿಬಟ್ಟೆ, ತಲೆಯ ಮೇಲಿಂದ ಇಳಿಬಿಟ್ಟ ವಸ್ತ್ರ, ಮೇಲೆ ತಾಳೆಗರಿಯ ಕೊಡೆ ಹಿಡಿದವರು. ಎಲ್ಲಿಂದ ಬಂದದ್ದು? ನೀರಿಗಾಗಿ ತೋಡು ತೆಗೆಸುತ್ತಿದ್ದಳಂತೆ, ಅದನ್ನು ನೋಡಲಿಕ್ಕೆ ಹೋದದ್ದು. ನೋಡಲಿಕ್ಕೆ ಅಡಿಗೆಯವಳ ಹಾಗೆ ಇದ್ದಾಳೆ ಅಂತ ಬರೆದ ಪುಣ್ಯಾತ್ಮ, ಬಾಯಿ ತೆರೆದಾಗ ಮಾತು ಮಾತ್ರ ರಾಣಿಯದ್ದೇ ಅಂತಲೂ ಬರೆದಿದ್ದಾನೆ.


ಪಡುಬಿದ್ರಿ ಪ್ಯಾಸೆಂಜರ್
11:20

ತೋಡು ನೋಡಲಿಕ್ಕೆ ರಾಣಿಯೇ ಹೋಗ್ತಿದ್ದಳಾ! ನಮ್ಮ ವಾರ್ಡಿನ ಚರಂಡಿ ನೋಡಲಿಕ್ಕೆ ಮೂರು ಮಳೆಗಾಲದಿಂದ ಕಾಯ್ತಾ ಇದ್ದೇವೆ.


ಕುಡ್ಲದ ಕಾಲೇಜು ಹುಡುಗಿ
11:26

ಮಾಸ್ತ್ರೇ ಇದನ್ನೇ ಹೇಳಿ ನೋಡಿ ನಮ್ಮಂಥವರ ಹತ್ರ. ಕತ್ತಿಯ ಕಥೆ ಎಲ್ಲರಿಗೂ ಗೊತ್ತು, ಬರಿಗಾಲಲ್ಲಿ ತೋಡು ನೋಡಲಿಕ್ಕೆ ಹೋದ ಕಥೆ ಯಾರೂ ಹೇಳಲಿಲ್ಲ. ಮತ್ತೊಂದು, ಭಾಷಣ ಯಾಕೆ ಯಾವಾಗಲೂ ಆ ಗ್ರಾಂಥಿಕ ಕನ್ನಡದಲ್ಲಿ? ತುಳುವಿನಲ್ಲಿ ಹೇಳಿದರೆ ಅಜ್ಜಿಯನ್ನು ಕೂಡ ಕರ್ಕೊಂಡು ಬರ್ತೇನೆ.


ಬಂದರು ದಕ್ಕೆ
11:40

ತುಳುವಿನಲ್ಲಿ ಆದ್ರೆ ನಮ್ಮ ಬ್ಯಾರಿಗಳೂ ಬರ್ತಾರೆ, ಕೊಂಕಣಿಯವರೂ ಬರ್ತಾರೆ. ಕುಡ್ಲದಲ್ಲಿ ಮಾರ್ಕೆಟಿಗೆ ನಡೆಯುವ ಭಾಷೆ ಉಪನ್ಯಾಸಕ್ಕೂ ನಡೀತದೆ.


ದೇರೆಬೈಲ್ ದೊಡ್ಡಣ್ಣ
ಭಾನುವಾರ, ಬೆಳಿಗ್ಗೆ 7:05

ಎಲ್ಲರೂ ಸುತ್ತಿ ಬಳಸಿ ಹೋಗ್ತಾ ಇದ್ದೀರಿ. 1784ರ ಬಗ್ಗೆ ಉಪನ್ಯಾಸ ಇಡಿ ನೋಡುವ, ಹಾಲ್ ಸಾಕಾಗುವುದಿಲ್ಲ. ಧೈರ್ಯ ಉಂಟಾ?


ಬಂದರು ದಕ್ಕೆ
7:18

ಬಂತು ನೋಡಿ. ಬೆಳಿಗ್ಗೆ ಬೆಳಿಗ್ಗೆ.


ಬಾವಿಕಟ್ಟೆ
7:52

ದೊಡ್ಡಣ್ಣನಿಗೆ ಜಗಳ ಬೇಕು, ನನಗೆ ಮಾತು ಬೇಕು, ಅದಕ್ಕೆ ಬರೀತೇನೆ. ನಮ್ಮದು ಕ್ರೈಸ್ತ ಕುಟುಂಬ. ಆ ವರ್ಷ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕ್ರೈಸ್ತರಲ್ಲಿ ನಮ್ಮ ಹಿರಿಯರೂ ಇದ್ದರು ಅಂತ ಮನೆಯಲ್ಲಿ ಹೇಳ್ತಾರೆ. ಅದೇ ವರ್ಷ ಮಾರ್ಚ್ 11ಕ್ಕೆ ಟಿಪ್ಪುವಿಗೂ ಕಂಪೆನಿಗೂ ಮಂಗಳೂರು ಒಪ್ಪಂದ ಆದದ್ದು. ಶಾಲೆಯ ಪುಸ್ತಕದಲ್ಲಿ ಒಪ್ಪಂದ ಉಂಟು, ಸೆರೆ ಇಲ್ಲ. ನಮ್ಮ ಅಜ್ಜಿಯ ಮಾತಿನಲ್ಲಿ ಸೆರೆ ಉಂಟು, ಒಪ್ಪಂದ ಇಲ್ಲ. ಎರಡನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಹೇಳುವವರು ಸಿಕ್ಕಿದರೆ ನಾನು ಮೊದಲ ಸಾಲಿನಲ್ಲಿ ಕೂರ್ತೇನೆ. ಬೊಬ್ಬೆ ಹಾಕುವವರು ಬರುವುದಾದ್ರೆ ಬೇಡವೇ ಬೇಡ.


ನಿರ್ವಾಹಕ
8:30

ಬಾವಿಕಟ್ಟೆಯವರ ಮಾತು ಇರಲಿ. ಅದರ ಕೆಳಗೆ ಬಂದ ಹನ್ನೊಂದು ಉತ್ತರ ತೆಗೆದಿದ್ದೇನೆ. ಟಿಪ್ಪು ವಿಷಯಕ್ಕೆ ಬೇರೆ ಚರ್ಚೆ ಉಂಟು, ಅದೂ ಸದ್ಯಕ್ಕೆ ಬೀಗ ಹಾಕಿದ್ದೇ. ಇಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಿ.


ಸದಾಶಿವನಗರದ ಬಾಡಿಗೆದಾರ
9:02

ನಾನು ಮುಲ್ಕಿಯವ, ಈಗ ಬೆಂಗಳೂರು. ನನ್ನ ಮನೆ ಇರುವ ಬಡಾವಣೆಗೆ ಆ ಹೆಸರು ನಮ್ಮೂರಿನ ಕಾರ್ನಾಡ್ ಸದಾಶಿವ ರಾಯರದ್ದು ಅಂತ ಇಲ್ಲಿಯ ಯಾರಿಗೂ ಗೊತ್ತಿಲ್ಲ. ಗಾಂಧೀಜಿಯ ಸತ್ಯಾಗ್ರಹ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು, ಇದ್ದ ಆಸ್ತಿಯನ್ನೆಲ್ಲ ಚಳವಳಿಗೆ ಸುರಿದು 1937ರಲ್ಲಿ ಕೈಯಲ್ಲಿ ಕಾಸಿಲ್ಲದೆ ಮುಂಬಯಿಯಲ್ಲಿ ತೀರಿಕೊಂಡವರು. ಅವರ ಹೆಸರಿನ ಜಾಗದಲ್ಲಿ ಈಗ ಒಂದು ಸೈಟಿನ ರೇಟು ಕೇಳಿದರೆ ಎದೆ ಒಡೀತದೆ. ಮಂಗಳೂರಿನಲ್ಲಿ ಕೆ.ಎಸ್. ರಾವ್ ರಸ್ತೆಯಲ್ಲಿ ಬಟ್ಟೆ ತೆಗೊಳ್ಳುವವರಿಗೂ ಕೆ.ಎಸ್. ಅಂದ್ರೆ ಏನು ಅಂತ ಗೊತ್ತಿಲ್ಲ, ಆದ ಕಾರಣ ಬೆಂಗಳೂರಿನವರನ್ನು ದೂರಿ ಪ್ರಯೋಜನ ಇಲ್ಲ.


ಅಜ್ಜರಕಾಡು ಮೈದಾನ
9:15

ಉಡುಪಿಯಿಂದ ಒಂದು ಮಾತು. ಇಲ್ಲಿಯೂ ಅದೇ ಅವಸ್ಥೆ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಅಜ್ಜರಕಾಡಿನಲ್ಲಿ ಮಾತಾಡಿದ್ದು, ಹರಿಜನ ನಿಧಿಗೆ ಜನ ಒಡವೆ ಬಿಚ್ಚಿ ಕೊಟ್ಟದ್ದು. ಈಗ ಅಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ಸಕ್ಕರೆ ಕಾಯಿಲೆಯ ಮಾತು ಬಿಟ್ಟರೆ ಬೇರೆ ಇಲ್ಲ (ನಾನೂ ಅದರಲ್ಲಿ ಒಬ್ಬ).

ಆದರೆ ಜನ ಬಂದದ್ದೂ ಉಂಟು. ಒಂದು ಸಲ ಬ್ಯಾಂಕುಗಳ ಬಗ್ಗೆ ಮಾತಿಟ್ಟಿದ್ದರು. 1906ರ ಮಾರ್ಚ್ 12ಕ್ಕೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕ್ ಹುಟ್ಟುಹಾಕಿದ್ದು, ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಭಾಷಣಕಾರರು ಇಷ್ಟು ಹೇಳಿ ಕೂತಿದ್ದರೆ ಯಾರೂ ಮಾತಾಡ್ತಿರಲಿಲ್ಲ. ಅವರು ಸಿಂಡಿಕೇಟಿನವರ 1928ರ ಪಿಗ್ಮಿ ಠೇವಣಿಯ ವಿಷಯ ತೆಗೆದರು, ದಿನಕ್ಕೆ ಎರಡಾಣೆ ಮನೆ ಬಾಗಿಲಿನಲ್ಲೇ ಕೂಡಿಸಿಕೊಂಡು ಹೋಗುವುದು. ಅಷ್ಟು ಸಾಕಾಯ್ತು. ಹಿಂದಿನ ಸಾಲಿನಿಂದ ಒಬ್ಬರು ಹೆಂಗಸು ಎದ್ದು, ನಮ್ಮ ಅಪ್ಪ ಪಿಗ್ಮಿ ಏಜೆಂಟ್, ಸೈಕಲಿನ ಹ್ಯಾಂಡಲಿಗೆ ಚೀಲ ಸಿಕ್ಕಿಸಿಕೊಂಡು ಮಳೆಯಲ್ಲಿ ಹೋಗ್ತಿದ್ದರು, ರಶೀದಿ ಪುಸ್ತಕ ನೆನೆಯಬಾರದು ಅಂತ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಳ್ತಿದ್ದರು ಅಂದರು. ಆಮೇಲೆ ಒಬ್ಬೊಬ್ಬರಾಗಿ ಶುರು. ಇನ್ನೊಬ್ಬರು ಪಿಗ್ಮಿಯಿಂದಲೇ ಹೊಲಿಗೆ ಮೆಷಿನ್ ತೆಗೊಂಡದ್ದು. ಮತ್ತೊಬ್ಬರು ಬ್ಯಾಂಕ್ ವಿಲೀನ ಆದ ದಿನ ಬೋರ್ಡ್ ಇಳಿಸುವುದನ್ನು ನೋಡಲಿಕ್ಕಾಗದೆ ರಜೆ ಹಾಕಿದ ಮ್ಯಾನೇಜರ್. ಹಾಲ್‌ನವರು ಬಂದು ಲೈಟ್ ತೆಗೆದ ಮೇಲೆ ಹೊರಗೆ ಬೈಕಿನ ಮೇಲೆ ಕೂತು ಮಾತು ಮುಂದುವರಿಯಿತು.


ಹೊಯ್ಗೆಬಜಾರ್ ಹಂಚು
9:33

ಇದೇ ನಾನು ಹೇಳ್ಲಿಕ್ಕೆ ಹೊರಟದ್ದು. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಅಚ್ಚಿಗೆ ಮಣ್ಣು ಹಾಕುವ ಕೆಲಸದಲ್ಲಿದ್ದರು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪಿನಲ್ಲಿ ಶುರು ಮಾಡಿದ್ದು, ಮೂರು ವರ್ಷದೊಳಗೆ ಆಲ್ಬುಕರ್ಕ್‌ನವರದ್ದು. ಮೊದಲ ಮಹಾಯುದ್ಧದಲ್ಲಿ ಮಿಶನಿನ ಆಸ್ತಿಯನ್ನು ಬ್ರಿಟಿಷರು ಕಿತ್ತುಕೊಂಡ ಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಆಯ್ತು. ಮುರಿದ ಮನೆಯ ಹಂಚು ತಿರುಗಿಸಿ ನೋಡಿ, ಅಡಿಯಲ್ಲಿ ಕಂಪೆನಿಯ ಹೆಸರು, ಮುದ್ರೆ ಉಂಟು. ನನ್ನ ಹತ್ರ ಬೇರೆ ಬೇರೆ ಕಾರ್ಖಾನೆಯದ್ದು ಒಂದು ರಾಶಿಯೇ ಉಂಟು, ಹೆಂಡತಿ ದಿನಾ ಬೈತಾಳೆ. ಸ್ಲೈಡ್ ಶೋ ಬದಲು ಹತ್ತು ಹಂಚು ಮೇಜಿನ ಮೇಲಿಡಿ. ಕೈಯಲ್ಲಿ ಹಿಡಿದರೆ ಜನ ಬಾಯಿ ಬಿಡ್ತಾರೆ.


ಕುಡ್ಲದ ಕಾಲೇಜು ಹುಡುಗಿ
9:36

ಅಂಕಲ್, ರೀಲ್ ಮಾಡ್ಲಿಕ್ಕೆ ಬರಬಹುದಾ?


ಹೊಯ್ಗೆಬಜಾರ್ ಹಂಚು
9:38

ಬನ್ನಿ ಮಗಾ, ಹೋಗುವಾಗ ನಾಲ್ಕು ಹಂಚು ತೆಗೊಂಡು ಹೋದ್ರೆ ಮನೆಯಲ್ಲಿ ಶಾಂತಿ.


ಪೆಟ್ಟಿಗೆಯೊಳಗಿನ ಕಾಗದ
10:20

ನಾನು ಬಂಟ್ವಾಳ ತಾಲೂಕಿನವಳು. ಇಷ್ಟು ಹೊತ್ತು ಓದ್ತಾ ಇದ್ದೆ. ಸುಳ್ಯದ ಅಳಿಯ ಹೇಳಿದ ನಗದು ತೀರ್ವೆಯ ವಿಷಯ ಓದುವಾಗ ನನಗೆ ನೆನಪಾದದ್ದು 1837 ಅಲ್ಲ, 1974.

ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದ್ರೆ ಧಣಿಗಳು ಬೇಡ ಅಂದ್ರೆ ಗದ್ದೆ ಬಿಡಬೇಕಾದ ಗೇಣಿದಾರ. ಗೇಣಿ ಅಂದ್ರೆ ಅಕ್ಕಿ ಮುಡಿ. ಒಂದು ಮುಡಿಗೆ 42 ಸೇರು, ಬೈಹುಲ್ಲಿನಲ್ಲಿ ಕಟ್ಟಿ ತಲೆಹೊರೆಯಲ್ಲಿ ಧಣಿಗಳ ಮನೆಗೆ ಮುಟ್ಟಿಸಬೇಕು. ಬೆಳೆ ಆದ್ರೂ ಆಗದಿದ್ರೂ ಮುಡಿ ಲೆಕ್ಕ ಕಡಿಮೆ ಇಲ್ಲ. 1974ರ ಮಾರ್ಚ್ 1ಕ್ಕೆ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಗೇಣಿಯ ಗದ್ದೆ ಉಳುವವನಿಗೇ ಅಂತ. ಊರಿನಲ್ಲಿ ಎಲ್ಲರ ಬಾಯಲ್ಲೂ ‘ಡಿಕ್ಲರೇಶನ್’. ಏಳನೇ ನಂಬರ್ ಫಾರ್ಮ್ ತುಂಬಿಸಿ ಭೂನ್ಯಾಯಮಂಡಳಿಗೆ ಕೊಡಬೇಕು. ಅಜ್ಜನಿಗೆ ಓದು ಬರ್ತಿರಲಿಲ್ಲ. ಧಣಿಗಳ ಮುಖ ನೋಡಿ ಕೊಡ್ಲಿಕ್ಕೆ ನಾಚಿಕೆ, ಹೆದರಿಕೆ ಎರಡೂ. ಅಜ್ಜಿಯೇ ಹಟ ಹಿಡಿದು ಶಾಲೆಯ ಮಾಸ್ಟ್ರ ಹತ್ರ ಬರೆಸಿ, ಅಜ್ಜನ ಹೆಬ್ಬೆಟ್ಟು ಒತ್ತಿಸಿ ಕಳಿಸಿದ್ದು. ಮಂಡಳಿಯ ಎದುರು ಶುರುವಿನಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ, ಒಕ್ಕಲು ತಾನೇ ನಿಂತು ಹೇಳಬೇಕು. ಜೀವಮಾನವಿಡೀ ಧಣಿಗಳ ಮುಂದೆ ತಲೆ ಎತ್ತಿ ನಿಲ್ಲದವ ಅಲ್ಲಿ ನಿಂತು, ಈ ಗದ್ದೆ ನಾನು ಉಳುವುದು ಅಂದನಂತೆ.

ಆ ಆರ್ಡರ್ ಕಾಗದ ಈಗಲೂ ಕಬ್ಬಿಣದ ಪೆಟ್ಟಿಗೆಯಲ್ಲಿ ಉಂಟು. ಮಡಿಕೆಯ ಜಾಗದಲ್ಲಿ ಹರಿದಿದೆ, ಹೆಬ್ಬೆಟ್ಟಿನ ಶಾಯಿ ನೇರಳೆ ಬಣ್ಣಕ್ಕೆ ತಿರುಗಿದೆ. ನನ್ನ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಸ್ವಾತಂತ್ರ್ಯ ಬಂದದ್ದು ಎರಡು ಸಲ. ಎರಡನೆಯದ್ದಕ್ಕೆ ಯಾರೂ ದೀಪ ಹಚ್ಚುವುದಿಲ್ಲ, ಹಾರ ಹಾಕುವುದಿಲ್ಲ.


ಬಿಜೈ ಬಸ್‌ಸ್ಟ್ಯಾಂಡ್
10:31

ಮೈ ಜುಂ ಅಂತು.


ಮೂಲಗೇಣಿ
10:55

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು, ಹೇಳಬೇಕಾ ಬೇಡವಾ ಅಂತ ಯೋಚಿಸ್ತಿದ್ದೆ. ಧಣಿಗಳು ಅಂದ್ರೆ ಎಲ್ಲರೂ ಬೀಡು, ಗುತ್ತಿನಂಥ ದೊಡ್ಡ ಮನೆತನದವರು ಅಲ್ಲ. ನಮ್ಮ ದೊಡ್ಡಮ್ಮ ವಿಧವೆ, ಸಣ್ಣ ಮಕ್ಕಳು. ಸ್ವಂತ ಉಳಲಿಕ್ಕೆ ಜನ ಇಲ್ಲದೆ ಗೇಣಿಗೆ ಕೊಟ್ಟಿದ್ದರು. ಕಾನೂನಿನಲ್ಲಿ ವಿಧವೆಯರಿಗೂ ವಿನಾಯಿತಿ ಇರಲಿಲ್ಲ. ಇದ್ದ ಗದ್ದೆ ಹೋಯ್ತು, ಪರಿಹಾರ ಅಂತ ಬಂದದ್ದು ಹೇಳಿಕೊಳ್ಳುವಷ್ಟು ಇಲ್ಲ. ಅವರು ಆಮೇಲೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದು. ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ದೀಪ ಹಚ್ಚುವ ದಿನ ಇದನ್ನೂ ಹೇಳಬೇಕಲ್ಲ?


ಮಣ್ಣಗುಡ್ಡೆ ಮಂಡೆಬೆಚ್ಚ
11:02

ವಿಧವೆಯ ಕಥೆ ಹೇಳಿ ಧಣಿಗಳನ್ನು ಉಳಿಸಿಕೊಳ್ಳುವುದು ಹಳೇ ಉಪಾಯ ಮಾರಾಯ್ರೆ. ಸಾವಿರ ಮುಡಿ ಗೇಣಿ ಬರುವ ಮನೆಯವರೂ ಕೋರ್ಟಿನಲ್ಲಿ ಇದೇ ಹೇಳಿದ್ದು.


ಮೂಲಗೇಣಿ
11:06

ನಾನು ನಮ್ಮ ದೊಡ್ಡಮ್ಮನ ಬಗ್ಗೆ ಹೇಳಿದ್ದು. ಸಾವಿರ ಮುಡಿಯವರ ವಕಾಲತ್ತು ನನಗೆ ಯಾಕೆ?


ಪೆಟ್ಟಿಗೆಯೊಳಗಿನ ಕಾಗದ
11:15

ಮೂಲಗೇಣಿಯವರೇ, ನೀವು ಹೇಳಿದ್ದು ಒಳ್ಳೆಯದಾಯ್ತು. ನಮ್ಮ ಅಜ್ಜಿಯೂ ಬೀಡಿ ಕಟ್ಟಿದವಳೇ. ಗದ್ದೆ ಬಂದ ಮೇಲೂ ಕಟ್ಟಿದ್ದಾಳೆ. ಇಬ್ಬರೂ ಒಂದೇ ಬ್ರ್ಯಾಂಚಿಗೆ ಬೀಡಿ ಕೊಟ್ಟಿರಲಿಕ್ಕೂ ಸಾಕು.


ದಿನಾಂಕದ ಮಾಸ್ತರ್
11:40

ಕೀಲಿಕೈಯವರೇ, ನಿಮಗೆ ಕಾರ್ಯಕ್ರಮ ಇಲ್ಲಿಯೇ ಸಿಕ್ಕಿತು. 1837ರಲ್ಲಿ ರೈತ ಎದ್ದದ್ದು ತೀರ್ವೆಗೆ. 1974ರಲ್ಲಿ ಫಾರ್ಮ್ ತುಂಬಿಸಿದ್ದು ಗೇಣಿಗೆ. ಒಂದರಲ್ಲಿ ಕೋವಿ, ಇನ್ನೊಂದರಲ್ಲಿ ಹೆಬ್ಬೆಟ್ಟು. ಏಪ್ರಿಲ್ 5ಕ್ಕೆ ಎರಡನ್ನೂ ಸೇರಿಸಿ. ಮೊದಲ ಭಾಗ ಯಾರಾದ್ರೂ ಗೊತ್ತಿರುವವರು ಅರ್ಧ ಗಂಟೆಯಲ್ಲಿ ಹೇಳಲಿ. ಎರಡನೇ ಭಾಗದಲ್ಲಿ ಡಿಕ್ಲರೇಶನ್ ಕಾಗದ ಇರುವವರು ತಂದು ತೋರಿಸಲಿ, ಅರ್ಜಿ ಕೊಟ್ಟವರ ಮನೆಯವರೂ ಗದ್ದೆ ಕಳಕೊಂಡವರ ಮನೆಯವರೂ. ಅರ್ಜಿ ಕೊಡುವ ಗಡುವು 1979ರ ಜೂನ್ 30ರವರೆಗೆ ಇತ್ತು. ಆಗ ಮಂಡಳಿಯ ಮುಂದೆ ನಿಂತವರು ಕೆಲವರು ಇನ್ನೂ ಇದ್ದಾರೆ. ಇನ್ನೊಂದು ಹತ್ತು ವರ್ಷ ಬಿಟ್ಟರೆ ಕಾಗದ ಮಾತ್ರ ಉಳೀತದೆ, ಹೇಳುವವರು ಇರುವುದಿಲ್ಲ. ಆಮೇಲೆ ನಾವೂ ಅವರಿಗೆ ಪ್ರತಿಮೆ ಕಟ್ಟಿ ಸೆಲ್ಫಿ ತೆಗೆಯುವುದೇ.


ಸುಳ್ಯದ ಅಳಿಯ
11:52

ಒಪ್ಪಿದೆ. ಆದರೆ 1837ಕ್ಕೆ ಅರ್ಧ ಗಂಟೆ ಸಾಲದು.


ದಿನಾಂಕದ ಮಾಸ್ತರ್
11:53

ಸಾಕು.


ಬಿಕರ್ನಕಟ್ಟೆ ಕೈಕಂಬ
ಮಧ್ಯಾಹ್ನ 12:30

ಹಾಲ್ ಯಾಕೆ? ಬಾವುಟಗುಡ್ಡೆಯಿಂದ ಬಿಕರ್ನಕಟ್ಟೆಗೆ ನಡೆದುಕೊಂಡು ಬನ್ನಿ. ಬಾವುಟ ಏರಿಸಿದ ಜಾಗದಿಂದ ಗಲ್ಲಿಗೇರಿಸಿದ ಜಾಗಕ್ಕೆ. ನಾನು ಇಲ್ಲಿಯೇ ಹುಟ್ಟಿದವ, ಬಸ್ಸಿನ ಕಂಡಕ್ಟರ್ ದಿನಕ್ಕೆ ನೂರು ಸಲ ಈ ಹೆಸರು ಕೂಗ್ತಾನೆ, ಇಲ್ಲಿ ಏನಾಯ್ತು ಅಂತ ನನಗೆ ಗೊತ್ತಾದದ್ದು ಮದುವೆ ಆದ ಮೇಲೆ, ಅದೂ ಸುಳ್ಯದ ಮಾವನಿಂದ.


ಪಡುಬಿದ್ರಿ ಪ್ಯಾಸೆಂಜರ್
12:34

ಏಪ್ರಿಲ್ ಬಿಸಿಲಲ್ಲಿ ನಂತೂರು ಸರ್ಕಲ್ ನಡೆದು ದಾಟುವುದಾ? ಕಂಪೆನಿ ಸೈನ್ಯ ಇದಕ್ಕಿಂತ ವಾಸಿ.


ಬಿಕರ್ನಕಟ್ಟೆ ಕೈಕಂಬ
12:36

ಬೆಳಿಗ್ಗೆ ಆರಕ್ಕೆ ಹೊರಟರೆ ಟ್ರಾಫಿಕ್ ಇಲ್ಲ. ಎಂಟಕ್ಕೆ ನಮ್ಮ ಮನೆಯಲ್ಲಿ ನೀರುದೋಸೆ. ಹೇಳಿದ್ದೇನೆ, ಹಿಂದೆ ಸರಿಯುವುದಿಲ್ಲ.


ಹೊಯ್ಗೆಬಜಾರ್ ಹಂಚು
12:37

ಕೋಳಿ ಸುಕ್ಕ ಉಂಟಾ?


ಬಾವಿಕಟ್ಟೆ
12:50

ನಡಿಗೆ ಒಳ್ಳೆಯದು, ಆದರೆ ಮಂಡಳಿ ಮುಂದೆ ನಿಂತವರಿಗೆ ಈಗ 75, 80 ದಾಟಿದೆ. ಅವರನ್ನು ನಡೆಸ್ಲಿಕ್ಕೆ ಆಗುವುದಿಲ್ಲ. ನಡಿಗೆ ಬೆಳಿಗ್ಗೆ, ಕಾಗದ ಸಂಜೆ ಹಾಲ್‌ನಲ್ಲಿ. ಮತ್ತೆ ದಯವಿಟ್ಟು ಮೆಟ್ಟಿಲು ಹತ್ತಿಸಬೇಡಿ. ಮೇಲಿನ ಹಾಲ್ ಬಿಟ್ಟು ಕೆಳಗೆ ಪೇಪರ್ ಓದುವ ಕೋಣೆಯಲ್ಲೇ ಮಾಡಿ.


ವಾಚನಾಲಯದ ಕೀಲಿಕೈ
ರಾತ್ರಿ 8:40

ಇಷ್ಟೆಲ್ಲ ಬರೀತೀರಿ ಅಂತ ಎಣಿಸಿರಲಿಲ್ಲ. ಸಂಜೆ ಕಮಿಟಿಯವರಿಗೆ ಪೂರ್ತಿ ಓದಿ ಹೇಳಿದೆ. ಬೇಡ ಅಂತಿದ್ದ ಖಜಾಂಚಿಯವರೇ, ನಮ್ಮ ಮನೆಯಲ್ಲಿ ಮೂರು ಡಿಕ್ಲರೇಶನ್ ಕಾಗದ ಉಂಟು, ಒಂದು ಗೆದ್ದದ್ದು ಎರಡು ಸೋತದ್ದು ಅಂದರು. ಅಲ್ಲಿಗೆ ಒಪ್ಪಿಗೆ ಆಯ್ತು.

ಸದ್ಯದ ಲೆಕ್ಕ ಹೀಗೆ: ಬೆಳಿಗ್ಗೆ ನಡಿಗೆ, ಸಂಜೆ ಕೆಳಗಿನ ಕೋಣೆಯಲ್ಲಿ ಮಾತು. ಶಾಲು ಇಲ್ಲ, ಸ್ಮರಣಿಕೆ ಇಲ್ಲ, ಮುಖ್ಯ ಅತಿಥಿ ಇಲ್ಲ. ತುಳು, ಕನ್ನಡ, ಬ್ಯಾರಿ, ಕೊಂಕಣಿ ಯಾವುದರಲ್ಲಿ ಬೇಕಾದ್ರೂ ಮಾತಾಡಬಹುದು. ಅಧ್ಯಕ್ಷರು ಸ್ವಾಗತ ಭಾಷಣ ಮಾತ್ರ ಬಿಡುವುದಿಲ್ಲ ಅಂತ ಹಟದಲ್ಲಿದ್ದಾರೆ, ಅವರ ಹತ್ರ ಮಾತಾಡ್ತಾ ಇದ್ದೇನೆ.

ಕಾಗದ ತರುವವರಿಗೆ ಏನಾದ್ರೂ ಸೂಚನೆ ಬೇಕಾ?


ದಿನಾಂಕದ ಮಾಸ್ತರ್
8:58

ಮುಖ್ಯವಾಗಿ ಲ್ಯಾಮಿನೇಶನ್ ಮಾಡಿಸಿ ತರಬೇಡಿ ಅಂತ ಹಾಕಿ. ಒಳ್ಳೆಯದಾಗ್ತದೆ ಅಂತ ಎಷ್ಟೋ ಜನ ಹಳೇ ಕಾಗದವನ್ನು ಹಾಗೆ ಹಾಳು ಮಾಡಿದ್ದಾರೆ, ಮತ್ತೆ ಬಿಡಿಸ್ಲಿಕ್ಕೆ ಆಗುವುದಿಲ್ಲ. ಹರಿದಲ್ಲಿ ಟೇಪ್ ಅಂಟಿಸಬೇಡಿ, ಅಂಟು ಹಳದಿಯಾಗಿ ಅಕ್ಷರ ತಿನ್ನುತ್ತದೆ. ಮಡಿಕೆ ಬಿಚ್ಚಿ ಎರಡು ರಟ್ಟಿನ ನಡುವೆ ಇಟ್ಟು ತನ್ನಿ. ಹಗಲು ಬೆಳಕಿನಲ್ಲಿ ಎರಡೂ ಮಗ್ಗುಲಿನ ಫೋಟೋ ತೆಗೆದು ಇಟ್ಟುಕೊಳ್ಳಿ. ಸರ್ವೆ ನಂಬರ್ ಇರುವ ಕಾಗದದ ಫೋಟೋ ಮಾತ್ರ ವಾಟ್ಸಾಪಿಗೆ ಹಾಕಬೇಡಿ, ಕೆಲವರದ್ದು ಇನ್ನೂ ಕೋರ್ಟಿನಲ್ಲಿ ಉಂಟು.


ಪೆಟ್ಟಿಗೆಯೊಳಗಿನ ಕಾಗದ
9:10

ನಾನು ತರ್ತೇನೆ. ಅಮ್ಮನೂ ಬರ್ತಾಳೆ, ಬಂಟ್ವಾಳದಿಂದ ಬಸ್ಸಿಗೆ. ಎಷ್ಟು ಗಂಟೆಗೆ ಅಂತ ಖಚಿತ ಆದ ಮೇಲೆ ಹೇಳಿ, ಕೊನೆಯ ಬಸ್ ನೋಡಬೇಕು.


ಮೂಲಗೇಣಿ
9:22

ನಾನೂ ಬರ್ತೇನೆ. ಬಿ.ಸಿ. ರೋಡಿನವರೆಗೆ ನನ್ನ ಕಾರಿನಲ್ಲೇ ಬಿಡಬಹುದು, ಬಸ್ಸಿನ ಚಿಂತೆ ಬೇಡ.


ಅಜ್ಜರಕಾಡು ಮೈದಾನ
9:41

ನಮ್ಮ ಅಟ್ಟದಲ್ಲಿ ಒಂದು ಓಲೆಗರಿ ಕಟ್ಟು ಉಂಟು, ತಿಗಳಾರಿ ಲಿಪಿ ಅಂತ ಹೇಳ್ತಾರೆ, ಮನೆಯಲ್ಲಿ ಓದುವವರು ಯಾರೂ ಇಲ್ಲ. ಡಿಕ್ಲರೇಶನ್ ಅಲ್ಲ, ಆದ್ರೂ ತರಬಹುದಾ?


ದಿನಾಂಕದ ಮಾಸ್ತರ್
9:44

ತನ್ನಿ. ದಾರ ಬಿಚ್ಚಬೇಡಿ, ಎಣ್ಣೆ ಹಚ್ಚಬೇಡಿ.


ಪಡುಬಿದ್ರಿ ಪ್ಯಾಸೆಂಜರ್
9:45

ಗೋಳಿಬಜೆ ಎಣ್ಣೆಯ ಕೈಯಲ್ಲಿ ಮುಟ್ಟಬೇಡಿ ಅಂತಲೂ ಬೋರ್ಡ್ ಹಾಕಿ.